ದೀಪ ನೋಡಿ ಕೊಳ್ಳಹೊರಟ ಕಂಪ್ಯೂಟರ್

ಮಗಳ ಮದುವೆಯ ವಿಡಿಯೊವನ್ನು ಮನೆಯಲ್ಲೇ ಎಡಿಟ್ ಮಾಡೋಣವೆಂದು ಕಂಪ್ಯೂಟರ್ ಕೊಳ್ಳಲು ಹರಿಹರದಿಂದ ದಾವಣಗೆರೆಗೆ ಹೊರಟೆ. ಪಕ್ಕದ ಸಾರಥಿ ಹಳ್ಳಿಯಲ್ಲಿ ಬೇಸಾಯ ಮಾಡುವ ಅಕ್ಕನ ಗಂಡನೂ ಜೊತೆಗೆ ಬಸ್ಸು ಹತ್ತಿದರು. ಎತ್ತು ಕೊಳ್ಳುವುದಷ್ಟೇ ಗೊತ್ತಿರುವ ಈ ಭಾವನಿಗೆ ಅಲ್ಲೇನು ಕೆಲಸವೆಂದು ನನಗೆ ಒಳಗೊಳಗೇ ಉರಿ.

ಪ್ರೊಸೆಸರ್ ಯಾವುದೆಂದು ಕೇಳಿದರೆ ಅಂಗಡಿಯವನು ಡಬ್ಬದೊಳಗಿನ ಬಣ್ಣದ ದೀಪ ತೋರಿಸಿದ. ಕೆಂಪು, ನೀಲಿ, ಹಸಿರು. ಥೇಟ್ ಗಣಪತಿ ಪೆಂಡಾಲು. "ರಾಕೆಟ್ ಐತೆ ಸರ್" ಎಂದ. ಅವನಿಗೆ ಗೊತ್ತಿದ್ದ ಕಂಪ್ಯೂಟರ್ ವಿದ್ಯೆ ಅಷ್ಟೇ.

ಅವನು ಅದನ್ನು ಪೆಟ್ಟಿಗೆಗೆ ತುಂಬಲು ಹೊರಟಾಗ ಭಾವ ಜೇಬಿನಿಂದ ಪೆನ್‌ಡ್ರೈವ್ ತೆಗೆದರು. ಅದರಲ್ಲಿ ನನ್ನ ಮಗಳ ಮದುವೆಯದೇ ವಿಡಿಯೊ. "ನಾವು ಹೇರು ತುಂಬಿದ ಗಾಡಿಗೆ ಕಟ್ಟಿ ನೋಡೇ ಎತ್ತು ತಗೊಳ್ಳೋದು. ಇದನ್ನ ಹಾಕಿ ಒಂದೀಟು ಕತ್ತರಿಸಿ ತೋರಿಸ್ರಿ."

ಧಾರೆ ಎರೆಯುವಲ್ಲಿಗೆ ಬಂದು ಚಿತ್ರ ನಿಂತೇಬಿಟ್ಟಿತು. ದೀಪಗಳು ಮಾತ್ರ ಕುಣಿಯುತ್ತಿದ್ದವು. "ಮೊದಲು ಹಂಗೇ ಸರ್, ಆಮೇಲೆ ಸರಿ ಹೋಗ್ತತಿ" ಎಂದ ನಾಚಿಕೆಗೆಟ್ಟವನು.

ಬರಿಗೈಲಿ ಬಸ್ ಸ್ಟ್ಯಾಂಡಿಗೆ ಬರುವವರೆಗೂ ಅವನನ್ನು ಬೈಯುತ್ತಲೇ ಇದ್ದೆ: ಕಳ್ಳ, ದಡ್ಡ, ದೀಪದ ವ್ಯಾಪಾರಿ.

ಭಾವ ತಣ್ಣಗೆ ಕೇಳಿದರು: "ಅವನ್ನ ಯಾಕ ಬೈತಿ? ದೀಪ ನೋಡಿ 'ಇದನ್ನೇ ಪ್ಯಾಕ್ ಮಾಡ್ರಿ' ಅಂದೋನು ನೀನಲ್ಲೇನು?"