ಉಡಿ ತುಂಬಲು ಒಯ್ದ ಖಣ

“ಅಪ್ಪಾ, ಗಾಡಿ ನಿಲ್ಲಸು. ನನಗ ಹುಡುಗೀರ ಮ್ಯಾಲ ಮನಸಿಲ್ಲ. ನಾ ಪ್ರೀತಿ ಮಾಡಿದ್ದು ಒಬ್ಬ ಹುಡುಗನ್ನ.”

ಸಿರಸಂಗಿಗೆ ಕನ್ಯೆ ನೋಡಲು ಹೊರಟಿದ್ದೆವು. ಯರಗಟ್ಟಿ ದಾಟುತ್ತಲೇ ಹಿಂದಿನ ಸೀಟಿನಿಂದ ಮಗ ಹೀಗಂದ. ಒಪ್ಪಿಗೆಯಾದರೆ ಹುಡುಗಿಯ ಉಡಿ ತುಂಬಲೆಂದು ತಂದಿದ್ದ ಹಸಿರು ಖಣ ನನ್ನ ಮಡಿಲಲ್ಲಿತ್ತು. ಅದನ್ನು ಮುಷ್ಟಿಯಲ್ಲಿ ಹಿಂಡಿದೆ. ನಮ್ಮ ಯಜಮಾನರ ಸಿಟ್ಟು ಇಡೀ ಓಣಿಗೇ ಗೊತ್ತು.

ಅವರು ಗಾಡಿ ನಿಲ್ಲಿಸಿ, ಇಳಿದು, ಕಬ್ಬಿನ ಹೊಲದ ಕಡೆ ಮುಖ ಮಾಡಿ ನಿಂತರು. ಮಗನೂ ಇಳಿಯಹೋದ. ಹೆದರಿ ಅವನ ಕೈ ಹಿಡಿದು ಕೂರಿಸಿದೆ. ಅಷ್ಟರಲ್ಲಿ ಹುಡುಗಿಯ ತಂದೆಯ ಫೋನ್ ಬಂತು. ಯಜಮಾನರೇ ಮಾತಾಡಿದರು.

“ನಾವು ಬರೂದಿಲ್ರಿ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಮಗಳಾಗ ಏನೂ ಕೊರತಿ ಇಲ್ಲ. ಊರಾಗ ಯಾರರೆ ಕೇಳಿದ್ರ, ಹುಡುಗನ್ನ ನಾವ ಬ್ಯಾಡಂದ್ವಿ ಅಂತ ಹೇಳ್ರಿ.”

ಬಂದು ಕೂತು ಗಾಡಿ ಹಿಂದಕ್ಕೆ ತಿರುಗಿಸಿದರು. ಮನೆ ಹತ್ತಿರ ಬಂದಾಗ ಕನ್ನಡಿಯಲ್ಲಿ ಮಗನನ್ನು ನೋಡಿ, “ಅಂವ ರೊಟ್ಟಿ ತಿಂತಾನೋ, ಅನ್ನಾನ ಬೇಕೋ?” ಎಂದರು. ಮಗ ಬಿಕ್ಕಿ ಬಿಕ್ಕಿ ಅತ್ತ.

ನನಗೆ ಅಷ್ಟು ಬೇಗ ಮನಸ್ಸು ತಿರುಗಲಿಲ್ಲ. ಖಣ ಬಹಳ ದಿನ ಕಪಾಟಿನಲ್ಲೇ ಇತ್ತು. ಕೊನೆಗೆ ನಾನೇ ಕುಪ್ಪಸ ಹೊಲಿಸಿಕೊಂಡೆ. ಆ ಹುಡುಗ ಮೊದಲ ಸಲ ಊಟಕ್ಕೆ ಬಂದ ದಿನ ಅದನ್ನೇ ತೊಟ್ಟು ರೊಟ್ಟಿ ಬಡಿದೆ.