ಕುಟ್ಟಿದ ಮೆಣಸಿನ ಪೊಂಗಲ್

ಗೆಳೆಯರೇ, ತೂಕ ಇಳಿಸುವ ನನ್ನ ವ್ರತ ಇವತ್ತು ಬೆಳಿಗ್ಗೆ ಶುರುವಾಗಿ ತಿಂಡಿಯ ಹೊತ್ತಿಗೇ ಮುಗಿಯಿತು.

ನನ್ನ ಹೆಂಡತಿ ಸರೋಜ ತೀರಿಕೊಂಡ ಮೇಲೆ, ಊರಿಗಾಂನಲ್ಲಿ ನಮ್ಮ ಪಕ್ಕದ ಮನೆಯ ಸೆಲ್ವಿ ದಿನವೂ ನನಗೆ ತಿಂಡಿ ತಂದುಕೊಡುತ್ತಾಳೆ. ಬೇಡ ಎನ್ನಲಾಗದೆ ತಿಂದು ತಿಂದು ದಪ್ಪಗಾಗಿದ್ದೇನೆ. ಮಂಡಿ ನೋವೆಂದು ಹೋದರೆ ಡಾಕ್ಟರು, "ಮೊದಲು ತೂಕ ಇಳಿಸಿ. ಹೊಟ್ಟೆ ತುಂಬುವಂಥದ್ದೇ ತಿನ್ನಿ, ಆದರೆ ತುಪ್ಪ ಬಿಡಿ" ಎಂದರು. ಅದಕ್ಕೇ ಇವತ್ತು ನಾನೇ ರಾಗಿ ಅಂಬಲಿ ಕಾಯಿಸಿದೆ.

ಪೊಂಗಲ್ ಡಬ್ಬಿ ಹಿಡಿದು ಬಂದ ಸೆಲ್ವಿ ಪಾತ್ರೆಯೊಳಗೆ ಇಣುಕಿದಳು. "ಏನಣ್ಣಾ ಇದು, ಗೋಡೆಗೆ ಬಳಿಯಾಕಾ?"

"ತೂಕ ಇಳಿಸ್ಬೇಕಮ್ಮ. ನಾಳೆಯಿಂದ ತಿಂಡಿ ತರ್ಬೇಡ."

ಅವಳ ಮುಖ ಸಪ್ಪಗಾಯಿತು. "ಆಸ್ಪತ್ರೆಯಾಗೆ ಸರೋಜಕ್ಕ ನನ್ ಕೈ ಇಡ್ಕಂಡು ಏಳವ್ರೆ. ನಮ್ಮನೇವ್ರು ಮೆಣಸು ಎತ್ತಿ ಎತ್ತಿ ತಟ್ಟೆ ಪಕ್ಕಕ್ಕಿಡ್ತಾರೆ, ಕುಟ್ಟಿ ಆಕು ಅಂತ. ಪೊಂಗಲ್ ಮಾಡ್ದಾಗೆಲ್ಲಾ ಕುಟ್ತೀನಿ. ನಿಮ್ಗೆ ಗೊತ್ತೇ ಆಗ್ಲಿಲ್ವಾ?"

ಗೊತ್ತಾಗಿರಲಿಲ್ಲ. ಡಬ್ಬಿ ತೆರೆದು ಹುಡುಕಿದೆ. ಇಡೀ ಮೆಣಸು ಒಂದೂ ಇರಲಿಲ್ಲ. ಒಂದಾದರೂ ಸಿಕ್ಕಿದ್ದರೆ ಎತ್ತಿಡುತ್ತಿದ್ದೆ. "ಚಿಕ್ಕ ಮಕ್ಳ ತರ ಆರಿಸ್ಬೇಡ್ರೀ" ಎಂದು ಬೈಯಲು ಈಗ ಯಾರೂ ಇಲ್ಲ.

ಪೊಂಗಲ್ ಪೂರ್ತಿ ತಿಂದೆ. ನಾಳೆಯೂ ತಾ ಎಂದೆ. ಚೆಲ್ಲಲು ಮನಸ್ಸು ಬಾರದೆ ಅಂಬಲಿಯನ್ನೂ ಕುಡಿದೆ. ಹೊಟ್ಟೆ ತುಂಬುವಂಥದ್ದು ತಿನ್ನಿ ಎಂದ ಡಾಕ್ಟರ ಮಾತನ್ನಂತೂ ನಾನು ಮೀರಿಲ್ಲ.