ಕಾಕಾ ಮತ್ತು ಬಾಯಿಲ್ಲದ ನೊಣ

ಮೂಗಿನ ಮೇಲೆ ನೊಣ ಕೂತರೆ ಅವರು ಕೈ ಎತ್ತುತ್ತಿರಲಿಲ್ಲ. ಕೆಳತುಟಿಯನ್ನು ಮುಂದೆ ಚಾಚಿ, ಉಸಿರನ್ನು ಮೇಲಕ್ಕೆ ತಿರುಗಿಸಿ ‘ಫೂ’ ಎಂದು ಊದುತ್ತಿದ್ದರು. ಮೀಸೆಯ ಬಿಳಿ ಕೂದಲು ಅಲುಗಾಡುತ್ತಿತ್ತು, ಕನ್ನಡಕಕ್ಕೆ ಮಂಜು ಹಿಡಿಯುತ್ತಿತ್ತು, ನೊಣ ಮಾತ್ರ ಅಲ್ಲೇ ಇರುತ್ತಿತ್ತು. ಎರಡನೆಯ ಸಲ ಊದುವರು, ಮೂರನೆಯ ಸಲ ಊದುವರು. ನಾಲ್ಕನೆಯ ಸಲಕ್ಕೆ ನೊಣಕ್ಕೇ ಬೇಸರ ಬಂದು ಎದ್ದುಹೋಗುತ್ತಿತ್ತು. ಬಿ.ಎಸ್ಸಿ. ಮೊದಲ ವರ್ಷದ ನಾವು ಸೂಕ್ಷ್ಮದರ್ಶಕ ಬಿಟ್ಟು ಇದನ್ನೇ ನೋಡುತ್ತ ನಿಂತುಬಿಡುತ್ತಿದ್ದೆವು.

ಅವರು ಅಥಣಿಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನ ಅಟೆಂಡರ್. ಹುಡುಗರಿಗೆ, ಪ್ರೊಫೆಸರರಿಗೆ, ಪ್ರಿನ್ಸಿಪಾಲರಿಗೆ, ಎಲ್ಲರಿಗೂ ‘ಕಾಕಾ’. ಐನಾಪುರದ ಜೈನ ಒಕ್ಕಲು ಮನೆತನದವರು. ದಿನಾ ಮೋಪೆಡ್ ಮೇಲೆ ಬರುತ್ತಿದ್ದರು. ಹಾದಿಯಲ್ಲಿ ಇರುವೆಯ ಸಾಲು ಕಂಡರೆ ಗಾಡಿ ಇಳಿದು ದಾಟಿಸುತ್ತಾರೆ, ಅದಕ್ಕೇ ತಡವಾಗುತ್ತದೆ ಎಂದು ಹುಡುಗರು ಕಾಡುತ್ತಿದ್ದರು. ಲ್ಯಾಬಿನ ನಳಕ್ಕೆ ಬಿಳಿ ಅರಿವೆ ಕಟ್ಟಿ, ಸೋಸಿದ ನೀರನ್ನಷ್ಟೇ ಕುಡಿಯುವುದು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವುದು. ಇಂಥವರನ್ನು ಯಾವ ಪುಣ್ಯಾತ್ಮ ಕಪ್ಪೆ ಕೊಯ್ಯುವ ಕೋಣೆಗೆ ಹಾಕಿದನೋ ತಿಳಿಯದು. ಕೊಯ್ಯುವ ದಿನ ಬಂದರೆ ಅವರು ಹೊರಗಿನ ಕಟ್ಟೆಯ ಮೇಲೆ ಕೂತು ಣಮೋಕಾರ ಮಂತ್ರ ಹೇಳುತ್ತಿದ್ದರಂತೆ. ಮುಂದೆ ಪಠ್ಯದಿಂದ ಕೊಯ್ಯುವುದನ್ನೇ ತೆಗೆದಾಗ ಇಡೀ ಕಾಲೇಜಿಗೆ ಪೇಢೆ ಹಂಚಿದರಂತೆ. ನಾನು ಸೇರುವ ಹೊತ್ತಿಗೆ ಅದೆಲ್ಲ ಹಳೆಯ ಸುದ್ದಿ. ಉಳಿದದ್ದು ಬಾಟಲಿಗಳು ಮತ್ತು ಕಾಕಾ.

ಬಾಟಲಿಗಳ ಮೇಲಿನ ಲ್ಯಾಟಿನ್ ಹೆಸರುಗಳೆಲ್ಲ ಅವರಿಗೆ ಬಾಯಿಪಾಠ. ಆದರೆ ಅವುಗಳ ಜೊತೆಗೆ ತಮ್ಮದೊಂದು ಲೆಕ್ಕವನ್ನೂ ಅವರು ಇಟ್ಟುಕೊಂಡಿದ್ದರು. ಬಸದಿಯಲ್ಲಿ ಚಿಕ್ಕಂದಿನಿಂದ ಕೇಳಿದ ಲೆಕ್ಕ ಅದು. ಹುಳಕ್ಕೆ ಎರಡು ಇಂದ್ರಿಯ, ಇರುವೆಗೆ ಮೂರು, ನೊಣಕ್ಕೆ ನಾಲ್ಕು, ಕುರಿಗೂ ನಮಗೂ ಐದು. ಹೀಗೆ ಒಂದೇ ಲ್ಯಾಬಿನಲ್ಲಿ ಎರಡೆರಡು ವರ್ಗೀಕರಣ ನಡೆಯುತ್ತಿತ್ತು. ಒಂದು ಬಾಟಲಿಯ ಚೀಟಿಯ ಮೇಲೆ, ಒಂದು ಕಾಕಾನ ಬಾಯಲ್ಲಿ.

ಇದರ ಫಲ ನನ್ನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬಂತು. ಹೊರಗಿನಿಂದ ಬಂದ ಪರೀಕ್ಷಕರು ಒಂದು ಬಾಟಲಿ ನನ್ನ ಮುಂದಿಟ್ಟು, “ಇದನ್ನ ವರ್ಗೀಕರಿಸಮ್ಮಾ” ಅಂದರು. ಒಳಗೆ ಕುದುರೆಯ ಹೊಟ್ಟೆಯಲ್ಲಿ ಬೆಳೆಯುವ ನೊಣದ ಮರಿಹುಳಗಳು. ನಾನು ಗಡಿಬಿಡಿಯಲ್ಲಿ, “ದ್ವೀಂದ್ರಿಯ ಜೀವ ಸರ್” ಅಂದುಬಿಟ್ಟೆ. ಪರೀಕ್ಷಕರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮೂಲೆಯಲ್ಲಿ ನಿಂತಿದ್ದ ಕಾಕಾ ಮುಖದ ತುಂಬ ನಗುತ್ತ, “ಉತ್ತರ ಬರೋಬರಿ ಐತ್ರಿ ಸಾಹೇಬ್ರ, ಶಾಸ್ತ್ರ ಅಷ್ಟ ಬ್ಯಾರೆ” ಅಂದರು. ಪರೀಕ್ಷಕರೂ ನಕ್ಕರು. ಪುಣ್ಯಕ್ಕೆ ಪಾಸಾದೆ.

ಮರುದಿನ ಕಾಕಾ ನನ್ನನ್ನು ಕೂರಿಸಿಕೊಂಡು, ಜನ್ಮದಲ್ಲಿ ಮರೆಯದ ಹಾಗೆ ಆ ನೊಣಗಳ ಪಾಠ ಹೇಳಿದರು. ಎರಡೇ ರೆಕ್ಕೆಯ ಕೀಟಗಳದು ಡಿಪ್ಟೆರಾ ಎಂಬ ಗಣ. ಅದರೊಳಗೆ ಈಸ್ಟ್ರಿಡೀ ಎಂಬ ಕುಟುಂಬ. ಇವು ಮರಿಯಾಗಿದ್ದಾಗ ಹಾಲೂಡುವ ಪ್ರಾಣಿಗಳ ಮೈಯೊಳಗೇ ಬೆಳೆಯಬೇಕು, ಬೇರೆ ಗತಿಯಿಲ್ಲ.

“ಕುಟುಂಬ ಅಂದ್ರ ಮನೆತನ, ತಂಗಿ. ಈ ಮನೆತನದಾಗ ನಾಕು ಮಂದಿ ಅಣ್ಣತಮ್ಮಂದ್ರು. ವಾಟ್ನಿ ಮಾಡಿ ಪಾಲು ಹಂಚ್ಕೊಂಡಾರ. ಒಬ್ಬಾಂವಗ ಮೂಗು, ಒಬ್ಬಾಂವಗ ಹೊಟ್ಟಿ, ಒಬ್ಬಾಂವಗ ಬೆನ್ನಿನ ತೊಗಲು. ನಾಕನೇದಾಂವ ಸಮುದ್ರದ ಆಚೀಕಡೆ, ಅಲ್ಲೀ ಇಲಿ ಮೊಲದ ತೊಗಲಾಗ ಇರ್ತಾನ. ಒಬ್ಬರ ಪಾಲಿಗೆ ಒಬ್ಬರು ಕೈ ಹಾಕೂದಿಲ್ಲ. ನಮ್ಮ ಕಡೆ ಕೋರ್ಟಿಗೆ ಹೋಗಲಾರದ ವಾಟ್ನಿ ನೋಡಿಯೇನು? ನಾ ನೋಡಿದ್ದು ಇದೊಂದ.”

“ಮತ್ತ ಹುಳ ಇದ್ದಾಗ ಎರಡು ಇಂದ್ರಿಯ, ನೊಣ ಆದ್ರ ನಾಕು ಹೆಂಗ್ರಿ ಕಾಕಾರ?” ಎಂದು ನಾನು ಕೆಣಕಿದೆ.

“ಬಡ್ತಿ ಸಿಗ್ತೈತಿ. ನನಗ ಸಿಕ್ಕಿಲ್ಲ, ಅದಕ್ಕ ಸಿಕ್ಕೈತಿ.” ಅಷ್ಟು ಹೇಳಿ ತಾವೇ ಬಿದ್ದು ಬಿದ್ದು ನಕ್ಕರು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. “ಆದ್ರ ಒಂದು ತಿಳ್ಕೊ. ಆ ನೊಣಕ್ಕ ಉಣ್ಣೂ ಬಾಯೇ ಇರೂದಿಲ್ಲ. ಮರಿ ಇದ್ದಾಗ ಉಂಡದ್ದ ಉಂಡದ್ದು. ರೆಕ್ಕಿ ಬಂದ ಮ್ಯಾಲೆ ಸಾಯೂತನಕ ನಿರಾಹಾರ. ಒಳಗ ಇರೂತನಕ ಕಳ್ಳ, ಹೊರಗ ಬಂದ ಮ್ಯಾಲೆ ಮುನಿ.”

ನಮ್ಮದು ತೆಲಸಂಗದ ಕುರಿಯ ಮನೆ. ಹಟ್ಟಿಯಲ್ಲಿ ಒಂದು ಟಗರಿತ್ತು, ಹೆಸರು ಪೈಲ್ವಾನ. ಹುಟ್ಟಿದ ಮೂರನೆಯ ದಿನಕ್ಕೆ ತಾಯಿ ಸತ್ತಿತ್ತು, ಬಾಟಲಿ ಹಾಲು ಕುಡಿಸಿ ಬೆಳೆಸಿದವಳು ನಾನು. ಬೆಳೆದು ಹಿಂಡಿಗೆಲ್ಲ ಅದೇ ಯಜಮಾನನಾಯಿತು. ನಾನು ಕಾಲೇಜಿನಿಂದ ಬಂದರೆ ಬಸ್ ಸ್ಟ್ಯಾಂಡಿನತನಕ ಬಂದು ಬ್ಯಾಗು ಮೂಸುತ್ತಿತ್ತು. ಎರಡನೆಯ ವರ್ಷದ ಚಳಿಗಾಲದಲ್ಲಿ ಪೈಲ್ವಾನ ಮೇವು ಬಿಟ್ಟ. ತಲೆ ಓರೆ ಮಾಡಿಕೊಂಡು ನಿಂತಲ್ಲೇ ಗಿರಗಿರ ತಿರುಗತೊಡಗಿದ. ಅಪ್ಪ ಅದರ ಕೋಡು ಹಿಡಿದು ನೋಡಿ, “ತೆಲ್ಯಾಗ ನೀರು ತುಂಬೈತಿ. ಇನ್ನ ಉಳಿಯೂದಿಲ್ಲ ಇದು. ಮುಂದಿನ ಸಂತಿಗೆ ಕಸಾಯಿಗೆ ಕೊಟ್ಟಬಿಡೂಣು” ಅಂದ. ಕುರಿಗಳ ಮಿದುಳಿನಲ್ಲಿ ನೀರಿನ ಗುಳ್ಳೆ ಕಟ್ಟುವ ರೋಗ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ಅದರಿಂದ ಹತ್ತಾರು ಮರಿ ಕಳೆದುಕೊಂಡಿದ್ದ. ಸಂತೆಗೆ ಉಳಿದದ್ದು ಐದು ದಿನ.

ಮರುದಿನ ಲ್ಯಾಬಿನಲ್ಲಿ ನಾನು ಅಳುತ್ತಿದ್ದುದನ್ನು ಕಂಡು ಕಾಕಾ ಎಲ್ಲವನ್ನೂ ಕೇಳಿಕೊಂಡರು. ಸಮಾಧಾನ ಗೀಮಾಧಾನ ಏನೂ ಹೇಳಲಿಲ್ಲ.

“ಟಗರಿಗೆ ವಯಸ್ಸೆಷ್ಟು?”

“ನಾಕು ವರ್ಷರಿ.”

“ತೆಲ್ಯಾಗಿನ ನೀರು ಬಹಳ ಮಾಡಿ ಎಳೀ ಮರಿಗೆ ಬರ್ತೈತಿ. ಸೀನತೈತೇನು? ಮೂಗಿನಿಂದ ಸಿಂಬಳ?”

“ಹೌದ್ರಿ, ಎರಡೂ.”

“ಹಂಗಾರ ತೆಲಿ ಬಿಡು, ಮೂಗು ನೋಡು. ಮುಂದ ಬಿಳಿ ಅರಿವಿ ಹಾಸಿ ಕೂಡು. ಸೀನಿದಾಗ ಏನ ಬೀಳ್ತೈತಿ ಅದನ್ನ ಜ್ವಾಕಿಲೆ ತಗೊಂಡ ಬಾ.”

ನಾನು ಅಪ್ಪನ ಬಿಳಿ ಪಂಜೆ ಹಾಸಿಕೊಂಡು ಪೈಲ್ವಾನನ ಮುಂದೆ ಒಂದು ದಿನವೆಲ್ಲ ಕೂತೆ. ಊರಿನವರು, ಓದಿ ಓದಿ ಹುಡುಗಿಗೆ ತಲೆ ಕೆಟ್ಟಿದೆ ಅಂದರು. ಮರುದಿನ ಬೆಳಿಗ್ಗೆ ಪೈಲ್ವಾನ ಒಂದು ಭಾರಿ ಸೀನು ಸೀನಿದ. ಪಂಜೆಯ ಮೇಲೆ ಬೆರಳ ತುದಿಯಷ್ಟು ದಪ್ಪನೆಯ, ಬೆನ್ನಿಗೆ ಕಪ್ಪು ಪಟ್ಟಿಯಿದ್ದ ಹುಳ ಬಿತ್ತು. ಜೀವಂತವಾಗಿತ್ತು. ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡು ಬಸ್ ಹತ್ತಿದೆ.

ಕಾಕಾ ಅದನ್ನು ಭೂತಗನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದರ ಹಿಂಭಾಗದಲ್ಲಿ ಉಸಿರಾಡುವ ಎರಡು ಕಪ್ಪು ಬಿಲ್ಲೆಗಳಿದ್ದವು. ಕುದುರೆಯ ಹುಳದ ಬಾಟಲಿ ಪಕ್ಕಕ್ಕಿಟ್ಟು ಹೋಲಿಸಿದರು. “ಮೂಗಿನ ಪಾಲಿನಾಂವ. ಈಸ್ಟ್ರಸ್ ಓವಿಸ್. ಈ ನೊಣ ತತ್ತಿ ಇಡೂದಿಲ್ಲ, ಹಾರಕೋತನ ಮರೀನ ಮೂಗಿನ್ಯಾಗ ಚಿಮ್ಮಿಸಿ ಹೋಗ್ತೈತಿ. ಔಷಧ ಐತಿ ಇದಕ್ಕ. ನಿಮ್ಮ ಪೈಲ್ವಾನ ಉಳೀತಾನ.”

ನಾನು ಕುಣಿದಾಡಿಬಿಟ್ಟೆ. “ಔಷಧ ಯಾವುದ್ರಿ? ಒಂದ ಚೀಟಿ ಬರದ ಕೊಡ್ರಿ ಕಾಕಾರ!”

ಅವರು ಪೆನ್ನು ತೆಗೆದರು. ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಕಡ್ಡಿಪೆಟ್ಟಿಗೆಯನ್ನು ನೋಡತೊಡಗಿದರು. ಆಗ ನನಗೆ ಹೊಳೆಯಿತು: ಒಳಗೆ ಇನ್ನೂ ಹುಳಗಳಿದ್ದವು, ಔಷಧ ಅವನ್ನು ಕೊಲ್ಲುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. “ಹುಳದ ಮ್ಯಾಲಿನ ಕರುಣಾ ಟಗರಿನ ಮ್ಯಾಲೆ ಇಲ್ಲೇನ್ರಿ?” ಎಂದು ಹಿರಿಯರೆಂಬುದನ್ನೂ ನೋಡದೆ ಅಂದುಬಿಟ್ಟೆ.

ಕಾಕಾ ಸಿಟ್ಟಾಗಲಿಲ್ಲ. “ಹೇಳಿದ್ರ ಹುಳ ಸಾಯ್ತಾವ. ಹೇಳದಿದ್ರ ಟಗರು ಸಾಯ್ತೈತಿ. ಎರಡೂ ನನ್ನ ಬಾಯಿಂದನ ಆಗಬೇಕಂದ್ರ ಸ್ವಲ್ಪ ಹೊತ್ತು ಬೇಕಲ್ಲ ತಂಗಿ” ಅಂದರು. ವರಾಂಡದಲ್ಲಿ ಎರಡು ಸಲ ಅತ್ತಿಂದಿತ್ತ ಓಡಾಡಿ ಬಂದರು. ಆಮೇಲೆ ಮೋಪೆಡ್ಡಿನ ಕೀಲಿ ಎತ್ತಿಕೊಂಡು, “ನಡಿ, ದನದ ದವಾಖಾನಿಗೆ ಹೋಗೂಣು” ಅಂದರು. ಡಾಕ್ಟರಿಗೆ ಹುಳ ತೋರಿಸಿ, ಹೆಸರು ಹೇಳಿ, ನಮ್ಮಪ್ಪನಿಗೆ ಫೋನು ಹಚ್ಚಿ, “ಯಜಮಾನ್ರ, ಎರಡು ದಿನ ತಡೀರಿ. ಟಗರು ನನ್ನ ಜವಾಬ್ದಾರಿ” ಎಂದರು. ಅಪ್ಪ ಅಷ್ಟು ಮೆತ್ತಗೆ ಯಾರ ಮಾತನ್ನೂ ಕೇಳಿದ್ದು ನಾನು ನೋಡಿಲ್ಲ.

ಮರುದಿನ ಟಂಟಂ ಆಟೋ ಮಾಡಿಕೊಂಡು ಪೈಲ್ವಾನನನ್ನು ಅಥಣಿಗೆ ತಂದೆವು. ಕಾಕಾ ಅದರ ಹಣೆ ಸವರಿ, ಡಾಕ್ಟರು ಸೂಜಿ ಎತ್ತುತ್ತಲೇ ಗೇಟಿನ ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಣಮೋಕಾರದ ಗುನುಗು ಒಳಗಿನತನಕ ಕೇಳುತ್ತಿತ್ತು.

ವಾರದೊಳಗೆ ಪೈಲ್ವಾನ ಮೇವು ಹಿಡಿದ. ತಿರುಗುವುದು ನಿಂತಿತು. ಸೀನಿ ಸೀನಿ ಸತ್ತ ಹುಳಗಳನ್ನು ಹೊರಗೆ ಹಾಕಿದ, ಒಟ್ಟು ಏಳು. ನಾನು ಏಳನ್ನೂ ಬಾಟಲಿಯಲ್ಲಿ ಹಾಕಿಕೊಂಡು ಲ್ಯಾಬಿಗೆ ಓಡಿದೆ. ಆದರೆ ನಮ್ಮ ಮನೆತನದ ಗುಣವೊಂದಿದೆ: ಅಪ್ಪ ಕೇರೆಹಾವು ನೋಡಿದರೂ ಸುದ್ದಿ ಮನೆಗೆ ಬರುವಷ್ಟರಲ್ಲಿ ಅದು ಎರಡು ಮಾರು ಉದ್ದದ ನಾಗರ ಆಗಿರುತ್ತದೆ. ಏಳು ಅಂದರೆ ಏನೋ ಸಪ್ಪೆ ಅನ್ನಿಸಿತು. “ಕಾಕಾರ, ಹನ್ನೊಂದು ಬಿದ್ವುರಿ! ನಾಕು ಹಿಕ್ಕಿಯೊಳಗ ಕಳದು ಹ್ವಾದ್ವು!” ಅಂದೆ.

“ಹನ್ನೊಂದ? ಖರೇನ?”

“ಖರೇನ್ರಿ, ಪೈಲ್ವಾನನ ಆಣಿ.”

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಆಗಲಿ” ಎಂದು ಬಾಟಲಿಗೆ ಚೀಟಿ ಅಂಟಿಸಿದರು.

ಕಡ್ಡಿಪೆಟ್ಟಿಗೆಯಲ್ಲಿ ಬಂದ ಮೊದಲ ಹುಳವನ್ನು ಅವರು ಮರಳು ತುಂಬಿದ ಡಬ್ಬಿಯಲ್ಲಿಟ್ಟು ಸಾಕಿದ್ದರು. ಒಂದೂವರೆ ತಿಂಗಳಿಗೆ ಅದರಿಂದ ಬೂದು ಬಣ್ಣದ, ಮೈಯೆಲ್ಲ ಸಣ್ಣ ಗಂಟುಗಂಟಾದ ನೊಣ ಹೊರಬಂತು. ಕಾಕಾ ಮಗುವಿಗೆ ಹೆಸರಿಡುವ ಬಾರಸೆಯ ಹಾಗೆ ನಮ್ಮನ್ನೆಲ್ಲ ಕರೆದು ತೋರಿಸಿ, ಕಿಟಕಿ ತೆರೆದು ಬಿಟ್ಟುಬಿಟ್ಟರು. ನಾನು ಚೀರಿದೆ. “ಅಯ್ಯ ಕಾಕಾರ! ಅದು ಮತ್ತ ಯಾವುದಾರ ಕುರಿ ಮೂಗಿಗೆ ಹೋಗ್ತೈತ್ರಿ!”

“ಕಣ್ಣು ನೋಡಿದ್ನಿ, ಒಂದಕ್ಕೊಂದು ಹತ್ತರ ಅದಾವ. ಗಂಡೈತಿ. ಗಂಡಿಗೆ ಮೂಗಿನ ಉಸಾಬರಿ ಇಲ್ಲ” ಅಂದರು. ಸುಮ್ಮನೆ ಕರುಣೆ ತೋರಿಸುವವರಲ್ಲ ನಮ್ಮ ಕಾಕಾ, ನೋಡಿಯೇ ತೋರಿಸುವವರು.

ಆ ದಿನಗಳಲ್ಲಿ ಒಮ್ಮೆ ಅವರ ಊಟದ ಡಬ್ಬಿ ಕಾಣಲಿಲ್ಲ. ಮುಂದಿನ ವಾರವೂ ಒಂದು ದಿನ ಕಾಣಲಿಲ್ಲ. ಕೇಳಿದರೆ, “ಉಪವಾಸ” ಅಂದರು. ಯಾವ ಹಬ್ಬ ಎಂದು ಕೇಳಿದ್ದಕ್ಕೆ, “ನೊಣದ ಹಬ್ಬ” ಎಂದು ನಕ್ಕರು. ಜೈನರ ಮನೆಯಲ್ಲಿ ಉಪವಾಸಕ್ಕೇನು ಬರವೇ ಎಂದು ನಾನೂ ಬಿಟ್ಟುಬಿಟ್ಟೆ.

ನಾನೀಗ ರಾಯಬಾಗದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ವರ್ಷ ಕಾಕಾ ನಿವೃತ್ತರಾದರು. ಬೀಳ್ಕೊಡುವ ಸಮಾರಂಭಕ್ಕೆ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕರೆದಿದ್ದರು. ಕಾಕಾ ಹೊತ್ತಿರುವಾಗಲೇ ಊಟ ಮಾಡಬೇಕಲ್ಲ, ಅದಕ್ಕೆ ಕಾರ್ಯಕ್ರಮ ಮಧ್ಯಾಹ್ನವೇ ಇತ್ತು. ಕೊರಳತನಕ ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ಮದುಮಗನ ಹಾಗೆ ಕೂತಿದ್ದರು. ನಾನು ಮೈಕು ಹಿಡಿದು ಪೈಲ್ವಾನನ ಕಥೆ ಹೇಳಿದೆ. ಜನ ಚಪ್ಪಾಳೆ ಹೊಡೆದಂತೆಲ್ಲ ನನಗೆ ಹುರುಪು ಏರಿತು. “ಒಂದಲ್ಲ, ಎರಡಲ್ಲ, ಹನ್ನೊಂದು ಹುಳ!” ಎಂದು ಗುಡುಗಿ, ಕೈ ಮುಗಿದು ಇಳಿದು ಬಂದೆ.

ಮುಂದಿನ ಸಾಲಿನಲ್ಲಿ ಕಾಕಾನ ಹೆಂಡತಿ, ನಾವು ಕಾಕು ಎಂದು ಕರೆಯುವವರು, ಕೂತಿದ್ದರು. ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು ಕಿವಿಯಲ್ಲಿ ಅಂದರು, “ಆ ಟಗರಿನ ಹುಡುಗಿ ನೀನ ಏನ? ನಿನ್ನ ಸಲುವಾಗಿ ಇವರು ಹನ್ನೊಂದು ಉಪವಾಸ ಮಾಡಿದ್ರು ನೋಡವಾ, ವಾರಕ್ಕೊಂದರಂಗ. ನಾ ಹೇಳಿ ಸತ್ತ ಹುಳ, ನನ್ನ ಲೆಕ್ಕಕ್ಕ ಅಂತ.”

“ಕಾಕು, ಹನ್ನೊಂದಲ್ರಿ… ಅವು ಏಳ ಇದ್ವುರಿ…”

“ಗೊತ್ತೈತಿ ಬಿಡು. ಆವತ್ತ ಮನಿಗೆ ಬಂದು ಅವರ ಹೇಳಿದ್ರು. ಆ ಹುಡುಗಿ ಸುಳ್ಳು ಹೇಳೂ ಮುಂದ ಮೂಗು ತಿಕ್ಕೊಂತಾಳ ಅಂತ. ಏಳು ಹುಳದ್ದು, ನಾಕು ನಿನ್ನ ಸುಳ್ಳಿಂದು.” ಕಾಕು ಸೆರಗು ಬಾಯಿಗೆ ಹಿಡಿದು ನಕ್ಕರು. “ಈಗ ಮೈಕಿನ್ಯಾಗ ಮತ್ತ ಹೇಳಿ ಬಂದಿ. ನಾಳೆ ಮತ್ತ ಉಪವಾಸ ಹಿಡೀತಾರ ನೋಡು. ಆ ಮನಷ್ಯಾಗ ನಾ ರೊಟ್ಟಿ ಉಣಸೂದು ಹೆಂಗ?”

ನಾನು ಕೂತ ಕುರ್ಚಿ ನನ್ನನ್ನು ಸುಡತೊಡಗಿತು. ನನ್ನ ಒಂದು ಬಡಾಯಿಗೆ ಆ ಮನುಷ್ಯ ನಾಲ್ಕು ದಿನ ಹಸಿದು, ಐನಾಪುರದಿಂದ ಮೋಪೆಡ್ ಹೊಡೆದುಕೊಂಡು ಬಂದು, ನನ್ನ ಎದುರಿಗೇ ನಗುತ್ತ ಬಾಟಲಿ ಒರೆಸಿದ್ದರು. ಒಂದು ಮಾತು ಕೇಳಿರಲಿಲ್ಲ. ವೇದಿಕೆಯ ಮೇಲೆ ಪ್ರಿನ್ಸಿಪಾಲರು ಭಾಷಣ ಶುರು ಮಾಡಿದ್ದರು. ನಾನು ಮೆಟ್ಟಿಲು ಹತ್ತಿ ಹೋಗಿ ಅವರ ಕೈಯಿಂದ ಮೈಕು ಇಸಿದುಕೊಂಡೆ.

“ಏಳು” ಅಂದೆ. ಸಭೆ ತಬ್ಬಿಬ್ಬಾಗಿ ನೋಡಿತು. “ಹನ್ನೊಂದಲ್ರೀ, ಏಳು ಹುಳ. ನಾಕು ನಾ ಸುಳ್ಳು ಹೇಳಿದ್ನಿ. ತಪ್ಪಾತು ಕಾಕಾರ.”

ಏಳಾದರೇನು, ಹನ್ನೊಂದಾದರೇನು, ಇದಕ್ಕೇಕೆ ತಪ್ಪೊಪ್ಪಿಗೆ ಎಂದು ಯಾರಿಗೂ ತಿಳಿಯಲಿಲ್ಲ. ಇಡೀ ಸಭೆಯಲ್ಲಿ ನಕ್ಕವರು ಕಾಕಾ, ಕಾಕು ಇಬ್ಬರೇ. ಕಾಕಾ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಹಾರಗಳನ್ನು ಎರಡೂ ಕೈಯಿಂದ ಸರಿಸಿ, ಮುಂದಿನ ಸಾಲಿಗೆ ಬಗ್ಗಿ, ಮೈಕು ಇನ್ನೂ ನನ್ನ ಕೈಯಲ್ಲಿ ಚಾಲೂ ಇದೆ ಎಂಬುದನ್ನು ಮರೆತು, ಇಡೀ ಕಾಲೇಜಿಗೆ ಕೇಳುವ ಹಾಗೆ ಹೆಂಡತಿಗೆ ಹೇಳಿದರು:

“ಏ, ಕೇಳಿದ್ಯೇನ? ನಾಳೆ ರೊಟ್ಟಿ ಬಡಿ. ನಂದು ಊಟ ಐತಿ.”